ಕತ್ತಿ ಸಿಗಲಿಲ್ಲ ಅಂದ್ರೆ ಯುದ್ಧವೇ ಆಗಿಲ್ಲ ಅಂತಾನಾ?

ಓದುಗರ ಪ್ರಶ್ನೆ: "ಮಾಯಕೊಂಡದಲ್ಲಿ ದೊಡ್ಡ ಯುದ್ಧ ಆಯ್ತು ಅಂತೀರಿ. ನಮ್ಮ ಹೊಲ ಆ ಕಡೆನೇ ಇದೆ ಸರ್. ಅಜ್ಜನ ಕಾಲದಿಂದ ಉಳ್ತಾ ಇದ್ದೀವಿ, ಒಂದು ಕತ್ತಿ ಚೂರೂ ಸಿಕ್ಕಿಲ್ಲ. ಹಾಗಿದ್ದ ಮೇಲೆ ಅಲ್ಲಿ ಅಗೆದು ನೋಡಿದರೆ ಏನು ಗೊತ್ತಾಗುತ್ತೆ?"

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ದುರ್ಗದ ಕೋಟೆ ಹತ್ತುವಾಗ ಕೇಳುತ್ತಾರೆ, ದಾವಣಗೆರೆಯಲ್ಲಿ ಮದುವೆ ಊಟದ ಪಂಕ್ತಿಯಲ್ಲೂ ಕೇಳುತ್ತಾರೆ. ಮಾತು ಬೇರೆ ಬೇರೆ, ಒಳಗಿನ ನಂಬಿಕೆ ಒಂದೇ. ಯುದ್ಧ ನಡೆದ ನೆಲದಡಿ ಕತ್ತಿ, ಗುರಾಣಿ, ಮೂಳೆ ರಾಶಿ ಇರಲೇಬೇಕು. ಇಲ್ಲದಿದ್ದರೆ ಅದೆಲ್ಲ ಕಟ್ಟುಕತೆ. ಇವತ್ತು ಕೂತು ಪೂರ್ತಿ ಬರೆದುಬಿಡುತ್ತೇನೆ.

ದಾವಣಗೆರೆ ಹತ್ತಿರದ ಈ ಮಾಯಕೊಂಡದ ಯುದ್ಧ ಕತೆಯಲ್ಲ. 1748ರಲ್ಲಿ ಚಿತ್ರದುರ್ಗದ ಹಿರೇ ಮದಕರಿ ನಾಯಕ ಅಲ್ಲೇ ಮಡಿದ. ಎದುರಿಗೆ ಇದ್ದವರು ರಾಯದುರ್ಗ, ಹರಪನಹಳ್ಳಿ, ಸವಣೂರಿನವರು. ಹೈದರಾಲಿ ಎದುರು 1779ರಲ್ಲಿ ಕೋಟೆ ಕಳೆದುಕೊಂಡ ಮದಕರಿ ಬೇರೆ. ಇಬ್ಬರನ್ನೂ ಒಬ್ಬನೇ ಮಾಡಬೇಡಿ.

ಈಗ ಕತ್ತಿಯ ವಿಷಯ. ಯುದ್ಧ ಮುಗಿದ ಸಂಜೆಯನ್ನು ಸ್ವಲ್ಪ ಯೋಚನೆ ಮಾಡಿ. ಗೆದ್ದವರು ಮೊದಲು ಮಾಡುವ ಕೆಲಸವೇ ಬಿದ್ದ ಆಯುಧ ಬಾಚಿಕೊಳ್ಳುವುದು. ಅವರು ಬಿಟ್ಟದ್ದನ್ನು ಮಾರನೇ ದಿನ ಸುತ್ತಲಿನ ಹಳ್ಳಿಯವರು ಎತ್ತಿಕೊಂಡು ಹೋಗುತ್ತಾರೆ. ಆಗ ಕಬ್ಬಿಣ ಸಸ್ತಾ ಅಲ್ಲ. ಮುರಿದ ಕತ್ತಿ ಕಮ್ಮಾರನ ಕುಲುಮೆಗೆ ಹೋದರೆ ಕುಡುಗೋಲು, ಕೊಡಲಿ, ನೇಗಿಲ ಗುಳ ಆಗಿ ಹೊರಗೆ ಬರುತ್ತದೆ. ಅಷ್ಟಾಗಿಯೂ ಒಂದೆರಡು ತುಂಡು ಮಣ್ಣಲ್ಲಿ ಉಳಿದವು ಅನ್ನೋಣ. ಇನ್ನೂರೈವತ್ತಕ್ಕೂ ಜಾಸ್ತಿ ಮಳೆಗಾಲ ಕಳೆದಿವೆ. ತೆಳ್ಳನೆಯ ಕಬ್ಬಿಣದ ತಗಡು ತುಕ್ಕು ಹಿಡಿದು ಸಿಪ್ಪೆ ಸಿಪ್ಪೆ ಎದ್ದು ಮಣ್ಣಿನ ಹೆಂಟೆಯ ಹಾಗೆ ಆಗಿರುತ್ತದೆ. ನೇಗಿಲಿಗೆ ಸಿಕ್ಕಿದರೂ ನೀವು ಕಲ್ಲು ಅಂತ ಬದುವಿಗೆ ಎಸೆಯುತ್ತೀರಿ.

ಮೂಳೆಯ ಕತೆಯೂ ಅಷ್ಟೇ. ಸತ್ತವರನ್ನು ಸುಟ್ಟರೆ ಉಳಿಯುವುದು ಕಮ್ಮಿ. ಹೂತರೂ, ಹುಳಿ ಗುಣ ಇರುವ ಕೆಂಪು ಮಣ್ಣು ಮೂಳೆಯನ್ನು ನಿಧಾನಕ್ಕೆ ಕರಗಿಸುತ್ತದೆ. ಇಂಗ್ಲೆಂಡಿನ ಟೌಟನ್‌ನಲ್ಲಿ 1461ರ ಯುದ್ಧದಲ್ಲಿ ಸತ್ತ 30ಕ್ಕೂ ಹೆಚ್ಚು ಜನರ ಅಸ್ಥಿಪಂಜರ 1996ರಲ್ಲಿ ಒಂದೇ ಗುಂಡಿಯಲ್ಲಿ ಸಿಕ್ಕವು. ಬಹುಪಾಲು ಪೆಟ್ಟು ತಲೆಗೇ ಬಿದ್ದಿದ್ದವು. ಆದರೆ ಅದು ಸುಣ್ಣಕಲ್ಲಿನ ನೆಲ, ಮೂಳೆಯನ್ನು ಕಾಪಾಡುತ್ತದೆ. ಅಂದಹಾಗೆ, ನಮ್ಮ ಕಡೆ ರಕ್ತ ಹರಿದು ಮಣ್ಣು ಕೆಂಪಾಯ್ತು ಅನ್ನುವವರೂ ಇದ್ದಾರೆ. ಮಣ್ಣಿನ ಕೆಂಪು ಬಣ್ಣ ಅದರೊಳಗಿನ ಕಬ್ಬಿಣದ ತುಕ್ಕಿನದು. ಯಾವ ಯುದ್ಧವನ್ನೂ ಕಾಣದ ಹೊಲವೂ ಹಾಗೇ ಕೆಂಪಗಿದೆ, ನೋಡಿ.

"ಮತ್ತೆ ನಗರದಲ್ಲಿ ರಾಕೆಟ್ ರಾಶಿಯೇ ಸಿಕ್ಕಿತಲ್ಲ?" ಅಂತ ತಕ್ಷಣ ಕೇಳುತ್ತೀರಿ. ಹೌದು, 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಅನ್ನುವ ಊರಲ್ಲಿ ಮೈಸೂರು ಸೈನ್ಯದ ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಸಿಕ್ಕವು. ಎಲ್ಲಿ? ಒಂದು ಹಾಳು ಬಾವಿಯಲ್ಲಿ. ಯುದ್ಧದ ಬಯಲಲ್ಲಿ ಅಲ್ಲ. ರಾಶಿ ಸಿಗುವುದು ಕೂಡಿಟ್ಟ ಕಡೆ, ಇಲ್ಲವೇ ತಂದು ಸುರಿದ ಕಡೆ. ಹೊಡೆದಾಡಿದ ಕಡೆ ಉಳಿಯುವುದು ಯಾರ ಕಣ್ಣಿಗೂ ಬೀಳದ ಸಣ್ಣ ಸಾಮಾನು ಮಾತ್ರ.

ಅದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಸೀಸದ ಗುಂಡು. ಸೀಸಕ್ಕೆ ಕಬ್ಬಿಣದ ತುಕ್ಕಿಲ್ಲ. ಮೇಲೆ ಬೂದಿ ಬಿಳುಪಿನ ಒಂದು ಪದರ ಕಟ್ಟಿಕೊಂಡು ನೂರಾರು ವರ್ಷ ಹಾಗೇ ಇರುತ್ತದೆ. ಅಂಗೈ ಮೇಲಿಟ್ಟರೆ ಗಾತ್ರಕ್ಕಿಂತ ಭಾರ ಅನ್ನಿಸುತ್ತದೆ. ಹದಿನೇಳೂವರೆ ಮಿಲಿಮೀಟರ್ ಅಗಲದ ಗುಂಡು ಸುಮಾರು 32 ಗ್ರಾಂ ತೂಗುತ್ತದೆ. ತೂಕ ನೋಡಿದರೆ ಯಾವ ಅಳತೆಯ ಬಂದೂಕು ಅಂತ ಅಂದಾಜು ಸಿಗುತ್ತದೆ. ಹಾರಿಸದೆ ಕೈಜಾರಿ ಬಿದ್ದ ಗುಂಡು ದುಂಡಗೇ ಇರುತ್ತದೆ, ಅಚ್ಚಿನ ಎರಡು ಹೋಳು ಕೂಡಿದ ಗೆರೆ ಮೈಮೇಲೆ ಕಾಣುತ್ತದೆ. ಹಾರಿ ಕಲ್ಲಿಗೆ ಬಡಿದದ್ದು ರೊಟ್ಟಿ ತಟ್ಟಿದ ಹಾಗೆ ಚಪ್ಪಟೆ. ದುಂಡನೆಯವು ಒಂದು ಕಡೆ, ಚಪ್ಪಟೆಯವು ಇನ್ನೊಂದು ಕಡೆ ಸಿಕ್ಕರೆ, ಯಾರು ಎಲ್ಲಿ ನಿಂತು ಯಾವ ಕಡೆ ಹೊಡೆದರು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಅಂದರೆ ವಸ್ತುವಿಗಿಂತ ಅದು ಬಿದ್ದ ಜಾಗ ಮುಖ್ಯ. ರಂಗೋಲಿ ಚುಕ್ಕಿ ಇದ್ದ ಹಾಗೆ. ಅದಕ್ಕೇ ಇಂಥ ಕಡೆ ದೊಡ್ಡ ಗುಂಡಿ ತೋಡುವುದಿಲ್ಲ. ಮೆಟಲ್ ಡಿಟೆಕ್ಟರ್ ಹಿಡಿದು ಸಾಲು ಸಾಲಾಗಿ ನಡೆಯುತ್ತಾರೆ, ಸಿಕ್ಕ ಒಂದೊಂದರ ಜಾಗವನ್ನೂ ನಕ್ಷೆಯಲ್ಲಿ ಗುರುತು ಹಾಕುತ್ತಾರೆ. ಇಂಗ್ಲೆಂಡಿನ ಬಾಸ್‌ವರ್ತ್‌ನಲ್ಲಿ 1485ರ ಯುದ್ಧ ಒಂದು ಗುಡ್ಡದ ಮೇಲೆ ನಡೆಯಿತು ಅಂತ ತುಂಬಾ ಕಾಲ ನಂಬಿದ್ದರು, ಅಲ್ಲೇ ಪ್ರವಾಸಿ ಕೇಂದ್ರವನ್ನೂ ಕಟ್ಟಿದ್ದರು. ಕೊನೆಗೆ ಹೊಲಗಳಲ್ಲಿ ಸಿಕ್ಕ ಫಿರಂಗಿ ಗುಂಡುಗಳು ಮತ್ತು ರಾಜ ಮೂರನೇ ರಿಚರ್ಡ್‌ನ ಹಂದಿ ಗುರುತಿನ ಪುಟ್ಟ ಬೆಳ್ಳಿ ಬಿಲ್ಲೆ ನೋಡಿದಾಗ, ನಿಜವಾದ ಜಾಗ ಸುಮಾರು ಮೂರು ಕಿಲೋಮೀಟರ್ ಆಚೆ ಇತ್ತು.

ಜಾಗ ಕಳೆದುಹೋದರೆ ಏನಾಗುತ್ತದೆ ಅನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಿಂದೊಮ್ಮೆ ಒಬ್ಬ ಹುಡುಗ ಬೆಂಕಿಪೊಟ್ಟಣದಲ್ಲಿ ಸೀಸದ ಗುಂಡು ಹಾಕಿಕೊಂಡು ಬಂದ. ಹುಣಸೆಹಣ್ಣು ಹಾಕಿ ಉಜ್ಜಿ ಫಳಫಳ ಹೊಳೆಸಿದ್ದ. ಎಲ್ಲಿ ಸಿಕ್ಕಿತಪ್ಪಾ ಅಂದೆ. "ಹೊಲದಲ್ಲಿ ಸರ್." ಯಾವ ಹೊಲ? "ನಮ್ಮ ದೊಡ್ಡಪ್ಪಂಗೆ ಗೊತ್ತು." ದೊಡ್ಡಪ್ಪನಿಗೆ ಸಿಕ್ಕಿದ್ದೇ ಇನ್ಯಾರಿಂದಲೋ. ಗುಂಡು ಕೈಯಲ್ಲಿದೆ, ಹೇಳಬೇಕಾದ ಮಾತೆಲ್ಲ ಹೋಗಿಬಿಟ್ಟಿದೆ. ಹುಡುಗನ ಮೇಲೆ ಸಿಟ್ಟು ಬರಲಿಲ್ಲ, ಹೊಟ್ಟೆ ಮಾತ್ರ ಉರಿಯಿತು.

ಕೋಟೆಯೂ ಯುದ್ಧಭೂಮಿಯೇ. ಚಿತ್ರದುರ್ಗದ ಕೋಟೆ ಗೋಡೆಯ ಮೇಲಿನ ತೆನೆಗಳಲ್ಲಿ ಬಂದೂಕಿಗೆ ಬಿಟ್ಟ ಕಂಡಿ ಯಾವ ಕಡೆ ಇಳಿಜಾರಾಗಿದೆ ನೋಡಿ, ವೈರಿ ಎಲ್ಲಿಂದ ಬರುತ್ತಾನೆ ಅಂತ ಕಟ್ಟಿದವರು ಅಂದುಕೊಂಡಿದ್ದರು ಅನ್ನುವುದು ತಿಳಿಯುತ್ತದೆ. ಬಂದೂಕಿನ ಮದ್ದು ಬೀಸುವ ಕಲ್ಲುಗಳನ್ನು ಎಲ್ಲರೂ ನೋಡಿದ್ದೀರಿ. ಓಬವ್ವನ ಕಿಂಡಿಯಲ್ಲಿ ಒಬ್ಬೊಬ್ಬರೇ ನುಸುಳಬೇಕು ಅನ್ನುವುದನ್ನು ನಿಮ್ಮ ಭುಜವೇ ಹೇಳುತ್ತದೆ. ಅಲ್ಲಿ ಒನಕೆ ಹಿಡಿದು ನಿಂತವಳ ಹೆಸರನ್ನು ಕಲ್ಲು ಹೇಳುವುದಿಲ್ಲ, ಅದನ್ನು ಜನರ ನೆನಪು ಹೇಳುತ್ತಾ ಬಂದಿದೆ.

ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ. ಕೋಟೆ ಒಳಗಿನವರಿಗೆ ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿ ಹೊಂಡ ಇದ್ದವು. ಹೊರಗೆ ಮುತ್ತಿಗೆ ಹಾಕಿ ಕೂತವರು ಎಲ್ಲಿ ನೀರು ಕುಡಿದರು? ಏನು ಬೇಯಿಸಿ ತಿಂದರು? ಕಾಳಗ ಒಂದು ದಿನದ್ದು, ಬೀಡು ತಿಂಗಳುಗಟ್ಟಲೆ. ಅದಕ್ಕೇ ಬಯಲಿಗಿಂತ ಬೀಡು ಬಿಟ್ಟ ಜಾಗದಲ್ಲಿ ಜಾಸ್ತಿ ಸಿಗುತ್ತದೆ. ಒಲೆಯ ಬೂದಿ, ಸುಟ್ಟ ಕಲ್ಲು, ಒಡೆದ ಮಡಕೆ, ಕುರಿ ಮೂಳೆ, ಕುದುರೆ ಲಾಳದ ಮೊಳೆ, ಜೇಬಿಂದ ಬಿದ್ದ ಕಾಸು. ಇವೆಲ್ಲ ಇರುವುದು ನೀರು ಹತ್ತಿರ ಇದ್ದ ತಗ್ಗಿನಲ್ಲಿ, ಹಳ್ಳದ ದಂಡೆಯಲ್ಲಿ. ಈಗ ಸೈಟು ಮಾಡಿ ಪಾಯ ತೋಡುತ್ತಿರುವುದೂ ಅಂಥ ಕಡೆಯೇ. ನಿಮ್ಮ ಪಾಯದಲ್ಲಿ ಕಪ್ಪು ಬೂದಿ ಪಟ್ಟಿ ಕಂಡರೆ, ಅದರಲ್ಲಿ ಮಡಕೆ ಚೂರು ಸೇರಿದ್ದರೆ, ಜೆಸಿಬಿಯನ್ನು ಸ್ವಲ್ಪ ನಿಲ್ಲಿಸಿ. ಏನನ್ನೂ ಕೀಳಬೇಡಿ, ತೊಳೆಯಬೇಡಿ. ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ, ಮೊಬೈಲ್‌ನಲ್ಲಿ ಲೊಕೇಶನ್ ಸೇವ್ ಮಾಡಿ. ಆ ಫೋಟೋ ತೆಗೆದುಕೊಂಡು ಚಿತ್ರದುರ್ಗದ ರಂಗಯ್ಯನ ಬಾಗಿಲ ಮ್ಯೂಸಿಯಂಗೆ ಹೋಗಿ.