ಬುಕಾನನ್ ಮಾತನ್ನು ಬೇರೆಯವರ ಪುಸ್ತಕದಲ್ಲಿ ಓದಿದೆ. ಅಡಿಟಿಪ್ಪಣಿಯಲ್ಲಿ ಯಾರ ಹೆಸರು ಹಾಕಲಿ?

ಪ್ರಶ್ನೆ: ಕಾಸರಗೋಡಿನಲ್ಲಿ ಎಂಎ ಓದುತ್ತಿದ್ದೇನೆ. ಕುಂಬಳೆ ಸೀಮೆಯ ಬಗ್ಗೆ ಸಂಪ್ರಬಂಧ ಬರೆಯಬೇಕಾಗಿದೆ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಬುಕಾನನ್ 1801ರಲ್ಲಿ ಈ ದಾರಿಯಾಗಿ ಪ್ರವಾಸ ಬಂದಾಗ ಬರೆದಿಟ್ಟ ಒಂದು ಮಾತನ್ನು ಕನ್ನಡದ ಇತಿಹಾಸ ಪುಸ್ತಕವೊಂದರಲ್ಲಿ ಓದಿದೆ. ಬುಕಾನನ್‌ನ ಮೂಲ ಪುಸ್ತಕವನ್ನು ನಾನು ನೋಡಿಲ್ಲ. ಅಡಿಟಿಪ್ಪಣಿಯಲ್ಲಿ ಅವನ ಹೆಸರನ್ನೇ ಹಾಕಿದರೆ ಆಗುತ್ತದೆಯೇ? ಸ್ನೇಹಿತೆಯರೆಲ್ಲ ಹಾಗೆಯೇ ಮಾಡುತ್ತಾರೆ. ಕನ್ನಡ ಪುಸ್ತಕದ ಹೆಸರು ಹಾಕಿದರೆ ಪ್ರಬಂಧದ ತೂಕ ಕಡಿಮೆಯಾಗುತ್ತದಂತೆ.

ಉತ್ತರ: ಆಗುವುದಿಲ್ಲ. ಬುಕಾನನ್ ಹೆಸರನ್ನು ಮಾತ್ರ ಹಾಕಿದರೆ ‘ಆ ಪುಸ್ತಕವನ್ನು ತೆರೆದು, ಆ ಪುಟವನ್ನು ನಾನೇ ಓದಿದ್ದೇನೆ’ ಎಂದು ಬರೆದುಕೊಟ್ಟು ಸಹಿ ಹಾಕಿದಂತೆ. ನೀವು ಓದಿಲ್ಲ. ಓದಿದ್ದು ಕನ್ನಡ ಪುಸ್ತಕ. ಆದ್ದರಿಂದ ಮಾತು ಬುಕಾನನ್‌ನದು, ಅದು ನಿಮಗೆ ಸಿಕ್ಕಿದ್ದು ಕನ್ನಡ ಪುಸ್ತಕದಲ್ಲಿ ಎಂಬ ಎರಡೂ ಸಂಗತಿಗಳು ಟಿಪ್ಪಣಿಯಲ್ಲಿ ಕಾಣಬೇಕು. ‘ಬುಕಾನನ್, 1807, ಉದ್ಧೃತ:’ ಎಂದು ಬರೆದು, ಮುಂದೆ ಕನ್ನಡ ಲೇಖಕರ ಹೆಸರು, ಪುಸ್ತಕ ಪ್ರಕಟವಾದ ವರ್ಷ ಮತ್ತು ಆ ಮಾತು ಇರುವ ಪುಟವನ್ನು ಕೊಡಿ. ಪುಟ ಎಂದರೆ ಕನ್ನಡ ಪುಸ್ತಕದ ಪುಟ. ಬುಕಾನನ್ ಪುಸ್ತಕದ ಪುಟವಲ್ಲ.

ಕೊನೆಯಲ್ಲಿ ಕೊಡುವ ಗ್ರಂಥಗಳ ಪಟ್ಟಿಯ ವಿಷಯದಲ್ಲಿ ಆಕರ ಸೂಚಿಸುವ ಶೈಲಿಯಿಂದ ಶೈಲಿಗೆ ಸ್ವಲ್ಪ ವ್ಯತ್ಯಾಸವಿದೆ. ಸಮಾಜ ವಿಜ್ಞಾನದವರು ಹೆಚ್ಚಾಗಿ ಬಳಸುವ ಎಪಿಎ ಶೈಲಿಯಲ್ಲಿಯೂ ಸಾಹಿತ್ಯದವರು ಬಳಸುವ ಎಂಎಲ್‌ಎ ಶೈಲಿಯಲ್ಲಿಯೂ ಪಟ್ಟಿಗೆ ಸೇರುವುದು ನೀವು ಓದಿದ ಕನ್ನಡ ಪುಸ್ತಕ ಮಾತ್ರ. ಶಿಕಾಗೊ ಶೈಲಿಯವರು ಇಂಥ ಕೈದಾಟಿದ ಉಲ್ಲೇಖವನ್ನೇ ಅಷ್ಟಾಗಿ ಇಷ್ಟಪಡುವುದಿಲ್ಲ. ಅನಿವಾರ್ಯವಾದರೆ ಮೂಲ ಕೃತಿಯ ವಿವರ, ಅದು ಸಿಕ್ಕಿದ ಕೃತಿಯ ವಿವರ ಎರಡನ್ನೂ ಟಿಪ್ಪಣಿಯಲ್ಲಿ ಕೊಡಿ ಎನ್ನುತ್ತಾರೆ. ನಿಮ್ಮ ವಿಭಾಗ ಯಾವುದನ್ನು ಒಪ್ಪುತ್ತದೆ ಎಂದು ಮಾರ್ಗದರ್ಶಕರನ್ನು ಮೊದಲೇ ಕೇಳಿಕೊಳ್ಳಿ. ಹಿಂದಿನ ಟಿಪ್ಪಣಿಯ ಆಕರವೇ ಮತ್ತೆ ಬಂದರೆ ‘ಅದೇ’, ಮೊದಲೇ ಹೇಳಿದ ಆಕರಕ್ಕೆ ‘ಪೂರ್ವೋಕ್ತ’ ಎಂದು ಬರೆಯುವ ನಮ್ಮ ಹಳೆಯ ಕನ್ನಡ ಪದ್ಧತಿಯೂ ಚೆನ್ನಾಗಿಯೇ ಇದೆ. ಆದರೆ ಟೈಪ್ ಮಾಡುವಾಗ ಒಂದು ಟಿಪ್ಪಣಿಯನ್ನು ನಡುವೆ ತೂರಿಸಿದರೆ ಕೆಳಗಿನ ‘ಅದೇ’ ಯಾವುದನ್ನು ಸೂಚಿಸುತ್ತದೆ ಎಂಬುದು ಅದಲುಬದಲಾಗುತ್ತದೆ. ‘ಅದೇ’ಗಳನ್ನು ಹಾಕುವ ಕೆಲಸವನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಿ.

ಇನ್ನು ತೂಕದ ಮಾತು. ಇಪ್ಪತ್ತು ಪುಟದ ಸಂಪ್ರಬಂಧದ ಕೊನೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಗ್ರಂಥಗಳು ಸಾಲುಗಟ್ಟಿ ನಿಂತಿದ್ದರೆ ಪರೀಕ್ಷಕರಿಗೆ ಗೌರವ ಹುಟ್ಟುವುದಿಲ್ಲ, ಅನುಮಾನ ಹುಟ್ಟುತ್ತದೆ. ಮೌಖಿಕ ಪರೀಕ್ಷೆಯಲ್ಲಿ ‘ಬುಕಾನನ್ ಪುಸ್ತಕ ಎಲ್ಲಿ ಸಿಕ್ಕಿತಮ್ಮಾ?’ ಎಂಬ ಒಂದೇ ಪ್ರಶ್ನೆ ಸಾಕು.

ಆ ಪ್ರಶ್ನೆ ಬರೀ ಕೊಂಕಲ್ಲ. ಬುಕಾನನ್ ಪುಸ್ತಕದ ವಿಷಯದಲ್ಲಿ ಅದಕ್ಕೆ ನಿಜವಾದ ಅರ್ಥವಿದೆ. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, ಅಂದರೆ 1800ರಲ್ಲಿ, ಕಂಪನಿ ಸರಕಾರ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಮದರಾಸಿನಿಂದ ಹೊರಡಿಸಿತು. ಮೈಸೂರು ಸೀಮೆ ಮತ್ತು ಮಲಬಾರ್ ಸುತ್ತಿ 1801ರಲ್ಲಿ ಅವನು ತೆಂಕಣದಿಂದ ಕೆನರಾ ಪ್ರವೇಶಿಸಿದ. ಅವನ ಪ್ರವಾಸಕಥನ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ನಮ್ಮ ಕಡೆಯ ಸುದ್ದಿ ಇರುವುದು ಮೂರನೆಯದರಲ್ಲಿ. 1870ರಲ್ಲಿ ಅದೇ ಪುಸ್ತಕವನ್ನು ಮದರಾಸಿನ ಹಿಗ್ಗಿನ್‌ಬಾಥಮ್ಸ್ ಎರಡೇ ಸಂಪುಟಗಳಲ್ಲಿ ಮರುಮುದ್ರಿಸಿತು. ಕನ್ನಡ ಲೇಖಕರು ಎರಡನೆಯ ಮುದ್ರಣವನ್ನು ಬಳಸಿ ‘ಸಂಪುಟ 2’ ಎಂದು ಬರೆದಿದ್ದಾರೆ ಎಂದಿಟ್ಟುಕೊಳ್ಳಿ. ಅದನ್ನು ನೋಡಿ ನೀವು ‘ಬುಕಾನನ್, ಲಂಡನ್, 1807, ಸಂಪುಟ 2’ ಎಂದು ಬರೆದರೆ, ಹುಡುಕಿ ಹೋದವರಿಗೆ ಆ ಸಂಪುಟದ ಆ ಪುಟದಲ್ಲಿ ಕುಂಬಳೆ ಸಿಗುವುದಿಲ್ಲ. ಸುಳ್ಳು ಹೇಳುವ ಉದ್ದೇಶ ನಿಮಗಿರಲಿಲ್ಲ. ಆದರೂ ಟಿಪ್ಪಣಿ ಸುಳ್ಳಾಯಿತು, ಮತ್ತು ಅದರ ಕೆಳಗಿರುವುದು ನಿಮ್ಮ ಹೆಸರು.

ಇದೇ ಲೇಖಕನಿಗೆ ಇನ್ನೊಂದು ತೊಡಕೂ ಇದೆ. ಮುಂದೆ ಅವನು ತಾಯಿಯ ಮನೆತನದ ಆಸ್ತಿಯೊಂದಿಗೆ ಹ್ಯಾಮಿಲ್ಟನ್ ಎಂಬ ಹೆಸರನ್ನೂ ಪಡೆದ. ಹಾಗಾಗಿ ಗ್ರಂಥಾಲಯದ ಪಟ್ಟಿಗಳಲ್ಲಿ ಅವನು ಒಂದೆಡೆ ಬುಕಾನನ್, ಇನ್ನೊಂದೆಡೆ ಹ್ಯಾಮಿಲ್ಟನ್. ಪುಸ್ತಕದ ಶೀರ್ಷಿಕೆ ಪುಟದಲ್ಲಿ ಏನಿದೆಯೋ ಅದನ್ನೇ ಬರೆಯಿರಿ. ಹುಡುಕುವಾಗ ಮಾತ್ರ ಎರಡೂ ಹೆಸರಲ್ಲಿ ಹುಡುಕಿ.

ಅನುವಾದದ ಸಮಸ್ಯೆ ಇದಕ್ಕಿಂತ ದೊಡ್ಡದು. ಕನ್ನಡ ಲೇಖಕರು ಬುಕಾನನ್‌ನ ಉದ್ದದ ವಾಕ್ಯವನ್ನು ಸಂಗ್ರಹಿಸಿ ತಮ್ಮ ಮಾತಿನಲ್ಲಿ ಕೊಟ್ಟಿರಬಹುದು. ನೀವು ಅದಕ್ಕೆ ಉದ್ಧರಣ ಚಿಹ್ನೆ ಹಾಕಿದಿರೋ, ಬುಕಾನನ್ ಆಡದ ಮಾತು ಅವನ ಬಾಯಿಗೆ ಬಂತು. ಇತಿಹಾಸ ವಿಭಾಗದ ವಿದ್ಯಾರ್ಥಿಗಳು ಪ್ರಬಂಧವನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಮತ್ತೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ: ಇಂಗ್ಲಿಷಿನಿಂದ ಕನ್ನಡಕ್ಕೆ ಬಂದ ಮಾತನ್ನು ತಾವೇ ಮತ್ತೆ ಇಂಗ್ಲಿಷಿಗೆ ತಿರುಗಿಸಿ, ಚಿಹ್ನೆಯೊಳಗಿಟ್ಟು, ಬುಕಾನನ್‌ನ ಸ್ವಂತ ವಾಕ್ಯವೆಂಬಂತೆ ಕೊಡುತ್ತಾರೆ. ಮೂಲ ಓದಿದ ಪರೀಕ್ಷಕರಿಗೆ ಇದು ಒಂದೇ ನೋಟಕ್ಕೆ ತಿಳಿಯುತ್ತದೆ. ಇನ್ನೂರು ವರ್ಷ ಹಿಂದಿನ ಇಂಗ್ಲಿಷು ಹಾಗೆ ಇರುವುದಿಲ್ಲ.

ಮೂಲವನ್ನೇ ನೋಡಲು ಸಾಧ್ಯವಿದ್ದರೆ ಉದ್ಧೃತದ ಗೊಡವೆಯೇ ಇಲ್ಲ. ಬುಕಾನನ್ ಪುಸ್ತಕ ಹಕ್ಕುಸ್ವಾಮ್ಯ ಮುಗಿದ ಕೃತಿ. ಸ್ಕ್ಯಾನ್ ಮಾಡಿದ ಪ್ರತಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಕಾಸರಗೋಡಿನ ಬಗ್ಗೆ ಹಳೆಯ ಆಕರ ಹುಡುಕುವವರು ಮಾತ್ರ ಒಂದನ್ನು ನೆನಪಿಡಬೇಕು. ಈ ಊರು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು, ಜಿಲ್ಲೆಯಾದದ್ದು 1984ರಲ್ಲಿ. ಅದಕ್ಕೆ ಹಿಂದಿನ ದಾಖಲೆಗಳನ್ನು ‘ಕೇರಳ’, ‘ಕಾಸರಗೋಡು ಜಿಲ್ಲೆ’ ಎಂದು ಹುಡುಕಿದರೆ ಬರಿಗೈಯಲ್ಲಿ ಬರುತ್ತೀರಿ. 1951ರ ಜನಗಣತಿಯಲ್ಲಿ ಕಾಸರಗೋಡು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. 1894ರ ಸರಕಾರಿ ಕೈಪಿಡಿಯಾದ ‘ಸೌತ್ ಕೆನರಾ’ ಜಿಲ್ಲಾ ಮ್ಯಾನ್ಯುವಲ್‌ನಲ್ಲಿಯೂ ನಮ್ಮ ಊರುಗಳಿವೆ. ಆ ಮ್ಯಾನ್ಯುವಲ್‌ನ ಮೊದಲ ಸಂಪುಟ ಸ್ಟರಕ್‌ನದು. 1895ರಲ್ಲಿ ಬಂದ ಎರಡನೆಯದು ಸ್ಟುವರ್ಟ್‌ನದು. ಎರಡನ್ನೂ ಸ್ಟರಕ್‌ನ ತಲೆಗೆ ಕಟ್ಟುವುದು ಸಾಮಾನ್ಯವಾಗಿ ಆಗುವ ತಪ್ಪು. ಪ್ರಕಟಣೆಯ ಸ್ಥಳ ಪುಸ್ತಕದಲ್ಲಿ ಮದ್ರಾಸ್ ಎಂದಿದ್ದರೆ ನಿಮ್ಮ ಪಟ್ಟಿಯಲ್ಲಿಯೂ ಮದ್ರಾಸ್. ಅದನ್ನು ಚೆನ್ನೈ ಎಂದು ತಿದ್ದುವ ಉಪಕಾರ ಬೇಡ.

ನಿಮ್ಮ ಪ್ರಶ್ನೆಯ ಪಕ್ಕದಲ್ಲಿಯೇ ಇರುವ ಇನ್ನೊಂದು ಸಂಗತಿಯನ್ನು ನೀವು ಕೇಳಿಲ್ಲ. ಕಾಸರಗೋಡಿನ ವಿದ್ಯಾರ್ಥಿಗಳಿಗೆ ಅದು ಬುಕಾನನ್‌ಗಿಂತ ಹತ್ತಿರದ್ದು: ಮಲಯಾಳದಲ್ಲಿ ಓದಿದ್ದನ್ನು ಕನ್ನಡದಲ್ಲಿ ಬರೆಯುವುದು. ಎರಡೂ ಭಾಷೆ ಬಲ್ಲವರಿಗೆ ಮಲಯಾಳ ಲೇಖನವೊಂದರ ನಾಲ್ಕು ಪುಟವನ್ನು ಕನ್ನಡಕ್ಕೆ ಇಳಿಸುವುದು ಒಂದು ಸಂಜೆಯ ಕೆಲಸ. ಪದಕ್ಕೆ ಪದ ಹೋಲಿಸುವ ತಂತ್ರಾಂಶಕ್ಕೆ ಅದು ಸುಲಭದಲ್ಲಿ ಸಿಕ್ಕಿಬೀಳುವುದೂ ಇಲ್ಲ. ಅನುವಾದ ಮಾಡಲು ಪಟ್ಟ ಶ್ರಮದಿಂದಲೇ ಅದು ತಮ್ಮದಾಯಿತು ಎಂದು ಕೆಲವರು ಪ್ರಾಮಾಣಿಕವಾಗಿಯೇ ನಂಬುತ್ತಾರೆ. ನನ್ನ ಮಟ್ಟಿಗೆ ಗಡಿನಾಡಿನಲ್ಲಿ ನಡೆಯುವ ಕೃತಿಚೌರ್ಯದಲ್ಲಿ ಇದಕ್ಕೇ ಅಗ್ರಸ್ಥಾನ. ಭಾಷೆ ಬದಲಾದರೆ ವಿಚಾರದ ಒಡೆಯ ಬದಲಾಗುವುದಿಲ್ಲ. ಮಲಯಾಳ ಲೇಖಕರ ಹೆಸರು, ಪುಟ ಕೊಟ್ಟು ‘ಅನುವಾದ ನನ್ನದು’ ಎಂದು ಸೇರಿಸಿದರೆ ಮುಗಿಯಿತು. ಆಗ ನಿಮ್ಮ ಶ್ರಮಕ್ಕೂ ಹೆಸರು ಬರುತ್ತದೆ. ಮಲಯಾಳ ಓದಲು ಬಾರದ ಕನ್ನಡ ಸಂಶೋಧಕರಿಗೆ ಆ ಉಲ್ಲೇಖ ಚಿನ್ನದಂಥದ್ದು. ಪಟ್ಟಿಯಲ್ಲಿ ಪುಸ್ತಕದ ಹೆಸರನ್ನು ಕನ್ನಡ ಲಿಪಿಯಲ್ಲಿ ಇದ್ದ ಹಾಗೆಯೇ ಬರೆದು, ಪಕ್ಕದಲ್ಲಿ ಮಲಯಾಳ ಪುಸ್ತಕವೆಂದು ಸೂಚಿಸಿ.

ಬೇರೆಯವರ ಬರಹದೊಂದಿಗಿನ ಹೋಲಿಕೆಯ ಶೇಕಡಾ ಲೆಕ್ಕದ ಬಗ್ಗೆಯೂ ಹೇಳಿಬಿಡುತ್ತೇನೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಗಳಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ. 10ರಿಂದ 40ರವರೆಗೆ ಇದ್ದರೆ ಆರು ತಿಂಗಳ ಒಳಗೆ ತಿದ್ದಿ ಕೊಡಬೇಕು. 40ರಿಂದ 60ರವರೆಗೆ ಇದ್ದರೆ ಒಂದು ವರ್ಷ ಸಲ್ಲಿಸುವಂತೆಯೇ ಇಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಇದರಿಂದ ‘ಹತ್ತರಷ್ಟು ತೆಗೆದುಕೊಳ್ಳಬಹುದು’ ಎಂಬ ನಂಬಿಕೆ ಕಾಲೇಜು ಕ್ಯಾಂಟೀನುಗಳಲ್ಲಿ ಬೇರೂರಿದೆ. ನಿಯಮ ಹೇಳುವುದು ಹೋಲಿಕೆಯ ಪ್ರಮಾಣವನ್ನು. ಕದಿಯಲು ಕೊಟ್ಟ ರಿಯಾಯಿತಿಯನ್ನಲ್ಲ. ಸರಿಯಾಗಿ ಆಕರ ಹೇಳಿ ಉದ್ಧರಿಸಿದ ಭಾಗವನ್ನೂ ಗ್ರಂಥಗಳ ಪಟ್ಟಿಯನ್ನೂ ಆ ಲೆಕ್ಕದಿಂದ ಹೊರಗಿಡಬೇಕೆಂದು ಅದೇ ನಿಯಮದಲ್ಲಿದೆ. ಹಾಗಾಗಿ ‘ಶೇಕಡಾ ಹೆಚ್ಚಾಗುತ್ತದೆ’ ಎಂದು ಹೆದರಿ ಉದ್ಧರಣ ಚಿಹ್ನೆಗಳನ್ನು ತೆಗೆದುಹಾಕುವುದು ತಲೆಕೆಳಗಾದ ಬುದ್ಧಿ.

ಹೆಸರುಗಳನ್ನು ಪಟ್ಟಿಯಲ್ಲಿ ಹೇಗೆ ಕೂರಿಸುವುದು ಎಂಬ ಗೊಂದಲ ನಿಮಗೂ ಎದುರಾಗುತ್ತದೆ. ಜೊಟೆರೊದಂಥ ಉಚಿತ ತಂತ್ರಾಂಶ ಬಳಸಿದರೆ ಟಿಪ್ಪಣಿ ಜೋಡಿಸುವ ಕಷ್ಟ ಎಷ್ಟೋ ತಗ್ಗುತ್ತದೆ, ಬಳಸಿ. ಆದರೆ ಇಂಥ ತಂತ್ರಾಂಶಗಳಿಗೆ ಹೆಸರಿನ ಕೊನೆಯ ಪದವೇ ಮನೆತನದ ಹೆಸರು. ಮಂಜೇಶ್ವರ ಗೋವಿಂದ ಪೈ ಅವರ ವಿಷಯದಲ್ಲಿ ಅದು ಸರಿಹೋಗುತ್ತದೆ: ಪೈ ಎಂಬುದು ಕುಲನಾಮವೇ. ಆದರೂ ಕನ್ನಡ ಪಟ್ಟಿಗಳಲ್ಲಿ ನಾವು ‘ಗೋವಿಂದ ಪೈ, ಎಂ.’ ಎಂದೇ ಬರೆಯುತ್ತ ಬಂದಿದ್ದೇವೆ, ಓದುಗರು ಹುಡುಕುವುದೂ ‘ಗೋ’ ಅಕ್ಷರದ ಕೆಳಗೆ. ಎಂ. ಚಿದಾನಂದ ಮೂರ್ತಿ ಅವರನ್ನು ಇದೇ ಯಂತ್ರಕ್ಕೆ ಕೊಟ್ಟರೆ ‘ಮೂರ್ತಿ, ಎಂ. ಸಿ.’ ಎಂಬ ಅಪರಿಚಿತ ವ್ಯಕ್ತಿ ಹುಟ್ಟಿಕೊಳ್ಳುತ್ತಾನೆ. ಅವರದು ಒಂದೇ ಹೆಸರು, ಒಡೆಯುವಂತಿಲ್ಲ. ಕೊನೆಯಲ್ಲಿ ಇನಿಷಿಯಲ್ ಮಾತ್ರ ಇರುವ ಮಲಯಾಳಿ ಹೆಸರುಗಳಿಗೂ ಇದೇ ಗತಿ. ಯಂತ್ರ ಕೊಟ್ಟ ಪಟ್ಟಿಯನ್ನು ಒಮ್ಮೆ ಕಣ್ಣಿಟ್ಟು ಓದಿ ಕೈಯಿಂದ ತಿದ್ದಿ. ಕನ್ನಡ, ಮಲಯಾಳ, ಇಂಗ್ಲಿಷ್ ಪುಸ್ತಕಗಳನ್ನು ಬೇರೆಬೇರೆ ಮಾಡಿ ಪಟ್ಟಿ ಕೊಟ್ಟರೆ ಅಕಾರಾದಿಯ ಜಗಳವೂ ತಪ್ಪುತ್ತದೆ.

ಕೃತಕ ಬುದ್ಧಿಮತ್ತೆಯನ್ನು ಕೇಳಿ ಆಕರಗಳನ್ನು ಬರೆಸಿಕೊಳ್ಳುವ ಅಭ್ಯಾಸ ಈಗ ಶುರುವಾಗಿದೆ. ಅದು ಇಲ್ಲದ ಪುಸ್ತಕಕ್ಕೆ ಇರುವ ಪ್ರಕಾಶಕರನ್ನೂ ನಂಬುವಂಥ ಪುಟಸಂಖ್ಯೆಯನ್ನೂ ಜೋಡಿಸಿ ಕೊಡಬಲ್ಲದು. 2023ರಲ್ಲಿ ನ್ಯೂಯಾರ್ಕಿನ ವಕೀಲರು ಚಾಟ್‌ಜಿಪಿಟಿ ಸೃಷ್ಟಿಸಿದ, ಎಂದೂ ನಡೆಯದ ಮೊಕದ್ದಮೆಗಳನ್ನು ನ್ಯಾಯಾಲಯದ ಮುಂದೆ ಉಲ್ಲೇಖಿಸಿ 5,000 ಡಾಲರ್ ದಂಡ ತೆತ್ತರು. ವಕೀಲರಿಗೇ ಹೀಗಾದ ಮೇಲೆ ಬೇರೆ ವಿವರಣೆ ಬೇಡ. ಗ್ರಂಥಾಲಯದ ಕಪಾಟಿನಲ್ಲಿಯೋ ಸ್ಕ್ಯಾನ್ ಪ್ರತಿಯಲ್ಲಿಯೋ ಕಣ್ಣಾರೆ ಕಾಣದ ಪುಸ್ತಕ ನಿಮ್ಮ ಪಟ್ಟಿಗೆ ಬರಬಾರದು.

ಪುಸ್ತಕವೇ ಇಲ್ಲದ ಆಕರಗಳಿಗೆ ಏನು ಮಾಡುವುದು? ಕುಂಬಳೆ ಸೀಮೆಯ ಬಗ್ಗೆ ಬರೆಯುವ ನೀವು ಯಕ್ಷಗಾನ ಕಲಾವಿದರನ್ನೋ, ತುಳುವಿನ ಹಾಡುಗಥೆಯಾದ ಪಾಡ್ದನ ಹೇಳುವ ಅಜ್ಜಿಯನ್ನೋ ಮಾತನಾಡಿಸದೆ ಇರಲಾರಿರಿ. ಎಪಿಎ ಶೈಲಿಯಲ್ಲಿ ಇಂಥ ಖಾಸಗಿ ಮಾತುಕತೆಗೆ ಬರಹದ ನಡುವೆ ಹೆಸರು, ದಿನಾಂಕ ಕೊಟ್ಟರೆ ಸಾಕು, ಪಟ್ಟಿಯಲ್ಲಿ ಜಾಗವಿಲ್ಲ. ಎಂಎಲ್‌ಎ ಪಟ್ಟಿಯಲ್ಲಿ ಸಂದರ್ಶನಕ್ಕೆ ಜಾಗವಿದೆ. ಜಾನಪದದ ಪ್ರಬಂಧಕ್ಕೆ ಇವೆರಡೂ ಸಾಲವು ಎಂಬುದು ನನ್ನ ಅಭಿಪ್ರಾಯ. ಕನ್ನಡದ ಜಾನಪದ ಸಂಗ್ರಾಹಕರು ಮಾಡುತ್ತ ಬಂದ ಹಾಗೆ ಕೊನೆಯಲ್ಲಿ ವಕ್ತೃಗಳ, ಅಂದರೆ ಮಾಹಿತಿ ಹೇಳಿದವರ, ಪಟ್ಟಿಯೊಂದನ್ನು ಪ್ರತ್ಯೇಕವಾಗಿ ಕೊಡಿ: ಹೆಸರು, ವಯಸ್ಸು, ಊರು, ಭೇಟಿಯಾದ ದಿನಾಂಕ, ಮಾತನಾಡಿದ ಭಾಷೆ. ತುಳುವಿನಲ್ಲಿ ಹೇಳಿದ್ದನ್ನು ನೀವು ಕನ್ನಡದಲ್ಲಿ ಬರೆಯುತ್ತಿದ್ದರೆ ಅದನ್ನೂ ಸೂಚಿಸಿ. ಹೆಸರು ಹಾಕಬಹುದೇ ಎಂದು ಅವರನ್ನು ಮೊದಲು ಕೇಳಿ. ಬೇಡವೆಂದರೆ ‘ಹೆಸರು ಹೇಳಲಿಚ್ಛಿಸದ ವಕ್ತೃ’ ಎಂದು ಬರೆದು ಊರು, ದಿನಾಂಕ ಕೊಡಿ. ಊರು ಹೇಳಿದರೆ ಗುರುತು ಸಿಗುತ್ತದೆಂದಿದ್ದರೆ ಸೀಮೆಯನ್ನು ಹೇಳಿದರೆ ಸಾಕು. ಧ್ವನಿಮುದ್ರಣವನ್ನು ಮೊಬೈಲಿನಲ್ಲಿಯೇ ಬಿಡದೆ ಕಡತಕ್ಕೆ ದಿನಾಂಕ ಹಾಕಿ ಬೇರೆಡೆಗೂ ನಕಲು ಮಾಡಿಟ್ಟುಕೊಳ್ಳಿ. ಮೌಖಿಕ ಪರೀಕ್ಷೆಯಲ್ಲಿ ಪುಸ್ತಕ ಎಲ್ಲಿದೆ ಎಂದು ಕೇಳುವವರು ಇದನ್ನೂ ಕೇಳುತ್ತಾರೆ.