ಚಕ್ರ ಆಮೇಲೆ, ಮೊದಲು ಬೂಟ್ ನೋಡಿ

ಇನ್‌ಲೈನ್ ಸ್ಕೇಟ್ (ಚಕ್ರಗಳೆಲ್ಲ ಒಂದೇ ಸಾಲಿನಲ್ಲಿರುವ ಸ್ಕೇಟ್) ಕೊಳ್ಳಲು ಹೊರಟವರು ನನ್ನನ್ನು ಮೊದಲು ಕೇಳುವುದು ಚಕ್ರದ ಬಗ್ಗೆ. ಮೂರು ಒಳ್ಳೆಯದಾ, ನಾಲ್ಕಾ? ಬೇರಿಂಗ್ ಯಾವುದು? ಚಕ್ರ, ಬೇರಿಂಗ್ ಎರಡನ್ನೂ ಮುಂದೆ ಯಾವಾಗ ಬೇಕಾದರೂ ಬದಲಾಯಿಸಬಹುದು. ಬೂಟ್ ಹಾಗಲ್ಲ.

ಫಿಟ್‌ನೆಸ್ ಸ್ಕೇಟಿನ ಬೂಟ್ ಮೆತ್ತಗಿರುತ್ತದೆ. ಹಗುರ, ಗಾಳಿಯೂ ಆಡುತ್ತದೆ. ಸಾಮಾನ್ಯವಾಗಿ 80ರಿಂದ 90 ಮಿ.ಮೀ. ಚಕ್ರ, ಹಿಮ್ಮಡಿಯ ಹಿಂದೆ ಒಂದು ಬ್ರೇಕ್. ನುಣುಪಾದ ದಾರಿಯಲ್ಲಿ ಆರಾಮಾಗಿ ಸುತ್ತುವವರಿಗೆ ಇಷ್ಟು ಸಾಕು. ತೊಂದರೆ ಇರುವುದು ಅಗ್ಗದವುಗಳಲ್ಲಿ. ಕಣಕಾಲಿನ ಹತ್ತಿರ ಬೂಟ್ ಬಗ್ಗಿಬಿಡುತ್ತದೆ, ಪಾದ ಒಳಗಡೆಗೆ ವಾಲುತ್ತದೆ. 'ನನ್ನ ಕಾಲಿಗೇ ಶಕ್ತಿ ಇಲ್ಲ' ಅಂತ ಕಲಿಯುವವರು ಬೇಜಾರಾಗುತ್ತಾರೆ. ಬಹಳ ಸಲ ಕಾಲು ಸರಿಯಾಗೇ ಇರುತ್ತದೆ, ಬೂಟ್ ಸಡಿಲ ಅಷ್ಟೇ.

ಊರಿನ ರಸ್ತೆಗಳಲ್ಲಿ ಓಡಿಸುವ ಅರ್ಬನ್ ಸ್ಕೇಟಿನಲ್ಲಿ ಹೊರಗೆ ಗಟ್ಟಿ ಪ್ಲಾಸ್ಟಿಕ್ ಶೆಲ್, ಒಳಗೆ ತೆಗೆದು ಒಗೆಯಬಹುದಾದ ಮೆತ್ತನೆಯ ಒಳಬೂಟು, ಅಂದರೆ ಲೈನರ್. ನಾಲ್ಕು 80 ಮಿ.ಮೀ. ಚಕ್ರವನ್ನು ಬೂಟಿನಡಿ ಹಿಡಿದಿಡುವ ಫ್ರೇಮ್ ಗಿಡ್ಡ, ಸುಮಾರು 243 ಮಿ.ಮೀ. ಹಾಗಾಗಿ ತಿರುವು ಸಲೀಸು. ತೂಕ ಸ್ವಲ್ಪ ಜಾಸ್ತಿ. ಹೆಚ್ಚಿನವುಗಳಲ್ಲಿ ಬ್ರೇಕ್ ಇರುವುದಿಲ್ಲ, ಹಿಂದಿನ ಕಾಲನ್ನು ಅಡ್ಡ ಎಳೆದು ನಿಲ್ಲಿಸುವ ಟಿ-ಸ್ಟಾಪ್ ಕಲಿಯಲೇಬೇಕು. ಆದರೂ ಮುಂದುವರಿಯುವ ಆಸೆ ಇರುವವರಿಗೆ ನಾನು ಹೇಳುವುದು ಇದನ್ನೇ. ಒಂದೇ ಶೆಲ್ಲಿಗೆ ಬೇರೆ ಫ್ರೇಮ್, ಬೇರೆ ಚಕ್ರ ಹಾಕಿಕೊಂಡು ವರ್ಷಗಟ್ಟಲೆ ಓಡಿಸಬಹುದು.

ಮೂರು ಚಕ್ರದ ವಿಷಯಕ್ಕೆ ಬರೋಣ. 110 ಮಿ.ಮೀ.ಯ ಮೂರು ಚಕ್ರ ಹೆಚ್ಚುಕಡಿಮೆ ಅದೇ ಉದ್ದದ ಫ್ರೇಮಿನಲ್ಲಿ ಕೂರುತ್ತವೆ. ದೊಡ್ಡ ಚಕ್ರ ಒರಟು ರಸ್ತೆಯ ಬಿರುಕನ್ನು ಸುಲಭವಾಗಿ ದಾಟುತ್ತದೆ, ಒಮ್ಮೆ ಹಿಡಿದ ವೇಗವನ್ನು ಬೇಗ ಬಿಡುವುದಿಲ್ಲ. ಆದರೆ ಪಾದ ನೆಲದಿಂದ ಮೇಲೇರುತ್ತದೆ. ಸಮತೋಲನ ಇನ್ನೂ ಕೂಡದವರಿಗೆ ಆ ಎತ್ತರ ಸುಮ್ನೆ ಕಾಟ.

ಸ್ಪೀಡ್ ಸ್ಕೇಟಿನ ಬೂಟ್ ಕಣಕಾಲಿನ ಕೆಳಗೇ ಮುಗಿಯುತ್ತದೆ, ತಳ ಹೆಚ್ಚಾಗಿ ಕಾರ್ಬನ್. ರೇಸಿಗೆ ತಯಾರಾಗದವರು ಅದರ ಆಸೆ ಬಿಡಿ. ಅಗ್ರೆಸಿವ್ ಸ್ಕೇಟಿನದು 60 ಮಿ.ಮೀ. ಆಸುಪಾಸಿನ ಪುಟ್ಟ ಗಟ್ಟಿ ಚಕ್ರ. ಕಂಬಿಯ ಮೇಲೆ ಜಾರಲು ಫ್ರೇಮಿನ ನಡುವೆ ಜಾಗ ಇರುತ್ತದೆ. ಪಾರ್ಕಿನಲ್ಲಿ ಚೆಂದ, ರಸ್ತೆಯಲ್ಲಿ ಹಲ್ಲೆಲ್ಲ ಅದುರುತ್ತದೆ! ಸಾಲಾಗಿಟ್ಟ ಕೋನ್‌ಗಳ ನಡುವೆ ನುಸುಳುವ ಸ್ಲಾಲಮ್ ಆಡುವವರು ನಡುವಿನ ಚಕ್ರಗಳನ್ನು ತುದಿಯವಕ್ಕಿಂತ ಒಂದಿಷ್ಟು ಕೆಳಗಿಟ್ಟು ರಾಕರ್ ಮಾಡುತ್ತಾರೆ. ಪಾದ ನಿಂತಲ್ಲೇ ತಿರುಗುತ್ತದೆ, ನೇರ ಓಟದಲ್ಲಿ ಮಾತ್ರ ಅಲ್ಲಾಡುತ್ತದೆ.

ಬೇರಿಂಗ್ ಮೇಲಿನ ಎಬೆಕ್ ಸಂಖ್ಯೆಗೆ ಮರುಳಾಗಬೇಡಿ. ಬೇರಿಂಗನ್ನು ಎಷ್ಟು ಕರಾರುವಾಕ್ಕಾಗಿ ತಯಾರಿಸಿದ್ದಾರೆ ಅನ್ನುವುದನ್ನಷ್ಟೇ ಅದು ಹೇಳುತ್ತದೆ, ನಿಮ್ಮ ವೇಗವನ್ನಲ್ಲ. ದುಬಾರಿ ಬೇರಿಂಗಿಗೆ ಮಣ್ಣು ಮೆತ್ತಿದರೆ ಅಗ್ಗದ್ದೇ ಮೇಲು.

ಅಳತೆಗೆ ಪಾದದ ಉದ್ದವನ್ನು ಮಿಲಿಮೀಟರಿನಲ್ಲಿ ತೆಗೆದುಕೊಳ್ಳಿ, ಶೂ ನಂಬರ್ ನಂಬಬೇಡಿ. ನೆಟ್ಟಗೆ ನಿಂತಾಗ ಹೆಬ್ಬೆರಳು ಮುಂದುಗಡೆ ಹಗುರವಾಗಿ ತಾಗಬೇಕು, ಮೊಣಕಾಲು ಬಗ್ಗಿಸಿದಾಗ ಹಿಂದೆ ಸರಿಯಬೇಕು. ಹಿಮ್ಮಡಿ ಏಳಬಾರದು. ಹೀಗೆ ಹಾಕಿಕೊಂಡು ಹದಿನೈದು ನಿಮಿಷ ನಿಂತು ನೋಡಿ. ಕಣಕಾಲಿನ ಮೂಳೆ ಹತ್ತಿರ ಸ್ವಲ್ಪ ಒತ್ತಿದರೆ ಲೈನರ್ ಪಳಗಿದಂತೆ ಸರಿಹೋಗುವ ಸಾಧ್ಯತೆ ಇದೆ. ಬೆರಳು ಮಡಚಿಕೊಂಡರೆ ಮಾತ್ರ ಆ ಅಳತೆ ನಿಮ್ಮದಲ್ಲ, ಬೇರೆಯದು ತರಿಸಿ.