ಪಿಕಪ್ ಗಾಡಿಗೆ ಹಿಂಬದಿಯ ಸ್ಪಾಯ್ಲರ್ ಹಾಕಿಸಿದರೆ ಪ್ರಯೋಜನವಿದೆಯೇ?

ಪ್ರಶ್ನೆ: ಮದ್ದೂರಿನ ಮಾರುಕಟ್ಟೆಯಿಂದ ಬೆಂಗಳೂರಿಗೆ ಎಳನೀರು ಸಾಗಿಸುವ ಪಿಕಪ್ ನನ್ನದು. ವಾಪಸ್ ಬರುವಾಗ ಗಾಡಿ ಖಾಲಿಯಿರುವುದರಿಂದ ಹೆದ್ದಾರಿಯಲ್ಲಿ ಹಿಂಭಾಗ ಕುಣಿಯುತ್ತದೆ. ಹಿಂದಿನ ಡೋರಿನ ಮೇಲೆ ಸ್ಪಾಯ್ಲರ್ (ಗಾಳಿಯ ಹರಿವನ್ನು ಬದಲಿಸುವ ಪಟ್ಟಿ) ಕೂರಿಸಿದರೆ ಕುಣಿತ ನಿಲ್ಲುತ್ತದೆ, ಡೀಸೆಲ್ ಕೂಡ ಉಳಿಯುತ್ತದೆ ಎಂದು ಮೈಸೂರಿನ ಅಂಗಡಿಯೊಂದರಲ್ಲಿ ಹೇಳಿದರು. ಹಾಕಿಸಬಹುದೇ?

ಉತ್ತರ: ಅಂದಕ್ಕಾಗಿ ಹಾಕಿಸುವುದಾದರೆ ಕೆಲವು ಎಚ್ಚರಿಕೆಗಳೊಂದಿಗೆ ಹಾಕಿಸಬಹುದು. ಆದರೆ ಕುಣಿತ ನಿಲ್ಲುತ್ತದೆ, ಡೀಸೆಲ್ ಉಳಿಯುತ್ತದೆ ಎಂಬ ಎರಡು ಮಾತುಗಳನ್ನು ನಂಬಿ ದುಡ್ಡು ಕೊಡುವುದು ಬೇಡ. ಪಿಕಪ್ ಇಟ್ಟುಕೊಂಡ ಅನೇಕರು ಇದನ್ನೇ ಕೇಳುತ್ತಿರುವುದರಿಂದ ಕಾರಣವನ್ನು ಸ್ವಲ್ಪ ವಿವರವಾಗಿ ನೋಡೋಣ.

ಕಾರಿನಲ್ಲಿ ಗಾಳಿಯು ಮುಂಗಾಜಿನಿಂದ ಚಾವಣಿಯ ಮೇಲೆ ಹರಿದು, ಇಳಿಜಾರಾದ ಹಿಂಭಾಗವನ್ನು ಬಹುಮಟ್ಟಿಗೆ ಅಂಟಿಕೊಂಡೇ ಕೆಳಗಿಳಿಯುತ್ತದೆ. ಹಾಗೆ ಇಳಿಯುವ ಗಾಳಿ ಹಿಂಭಾಗವನ್ನು ಮೇಲಕ್ಕೆತ್ತಲು ನೋಡುತ್ತದೆ. ಆ ಹರಿವನ್ನು ತುದಿಯಲ್ಲಿ ಮುರಿಯುವುದೇ ಸ್ಪಾಯ್ಲರ್‌ನ ಕೆಲಸ. ಪಿಕಪ್‌ನ ಆಕಾರವೇ ಬೇರೆ. ಕ್ಯಾಬಿನ್ನಿನ ಚಾವಣಿ ಥಟ್ಟನೆ ಮುಗಿಯುವ ಜಾಗದಲ್ಲಿ ಗಾಳಿ ಬಾಡಿಯಿಂದ ಬೇರ್ಪಡುತ್ತದೆ, ಸರಕು ತುಂಬುವ ತೊಟ್ಟಿಯೊಳಗೆ ಒಂದು ದೊಡ್ಡ ಸುಳಿ ನಿಲ್ಲುತ್ತದೆ, ಮೇಲಿನ ಹರಿವು ಆ ಸುಳಿಯ ಬೆನ್ನೇರಿ ಹಿಂದಕ್ಕೆ ಸಾಗುತ್ತದೆ. ಹಿಂದಿನ ಡೋರನ್ನು ಇಳಿಸಿಕೊಂಡು ಓಡಿಸಿದರೆ ಗಾಳಿಯ ತಡೆ ಕಡಿಮೆಯಾಗುತ್ತದೆ ಎಂಬ ನಂಬಿಕೆ ಹುಸಿಯಾಗುವುದು ಇದೇ ಕಾರಣದಿಂದ: ಡೋರ್ ಮುಚ್ಚಿದ್ದಾಗಲೇ ಸುಳಿ ತೊಟ್ಟಿಯೊಳಗೆ ನೆಲೆಯಾಗಿ ನಿಲ್ಲುತ್ತದೆ. ಅಂದರೆ ನಿಮ್ಮ ಸ್ಪಾಯ್ಲರ್ ಕೂರುವ ಜಾಗಕ್ಕೆ ಬರುವುದು ಕ್ಯಾಬಿನ್ ಆಗಲೇ ಕದಡಿ ಕಳಿಸಿದ ಗಾಳಿ.

ಹಾಗಾದರೆ ಕಂಪನಿಗಳೇ ಏಕೆ ಹಾಕುತ್ತವೆ ಎಂದು ಕೇಳಬಹುದು. 2015ರ ಫೋರ್ಡ್ ಎಫ್-150, 2016ರ ಟೊಯೊಟಾ ಟಕೋಮಾದಂಥ ಅಮೆರಿಕದ ಪಿಕಪ್‌ಗಳ ಹಿಂದಿನ ಡೋರಿನ ಮೇಲಂಚಿನಲ್ಲಿ ಸ್ಪಾಯ್ಲರ್ ಆಕಾರವನ್ನು ಅಚ್ಚಿನಲ್ಲೇ ಮೂಡಿಸಿರುವುದು ನಿಜ. ಆದರೆ ಅಂಥ ಅಂಚಿನ ಎತ್ತರ, ಓರೆಗಳನ್ನು ಅದೇ ಗಾಡಿಯ ಚಾವಣಿಗೂ ತೊಟ್ಟಿಯ ಉದ್ದಕ್ಕೂ ಹೊಂದಿಸಿ, ಗಾಳಿಸುರಂಗದಲ್ಲಿ ಪರೀಕ್ಷಿಸಿ ನಿಗದಿಪಡಿಸಿರುತ್ತಾರೆ. ಎಲ್ಲ ಗಾಡಿಗೂ ಒಂದೇ ಅಳತೆಯೆಂದು ಮಾರುವ ಪಟ್ಟಿಗೆ ಆ ಲೆಕ್ಕಾಚಾರ ಅನ್ವಯಿಸುವುದಿಲ್ಲ.

ಇನ್ನು ಗಾಡಿಯ ಹಿಂಭಾಗವನ್ನು ಕೆಳಕ್ಕೆ ಒತ್ತುವ ಬಲದ ಮಾತು. ಗಾಳಿಯ ಬಲವು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟಾಗುತ್ತದೆ. ಒಂದೂವರೆ ಮೀಟರ್ ಅಗಲ, 15 ಸೆಂ.ಮೀ. ಎತ್ತರದ ಪಟ್ಟಿಯೊಂದಕ್ಕೆ ಯಾವ ತಡೆಯೂ ಇಲ್ಲದ ಶುದ್ಧ ಗಾಳಿ ಬಡಿಯುತ್ತದೆಂದೇ ಉದಾರವಾಗಿ ಇಟ್ಟುಕೊಂಡು ಅಂದಾಜು ಮಾಡಿದರೂ, ಗಂಟೆಗೆ 80 ಕಿ.ಮೀ. ವೇಗದಲ್ಲಿ ಹಿಂಭಾಗದ ಮೇಲೆ ಬೀಳುವ ಒತ್ತಡ ಸುಮಾರು ಮೂರರಿಂದ ನಾಲ್ಕು ಕಿಲೋ ತೂಕದಷ್ಟು. 40 ಕಿ.ಮೀ. ವೇಗದಲ್ಲಿ ಅದು ಒಂದು ಕಿಲೋಗೂ ಕಡಿಮೆ. ತೊಟ್ಟಿಯ ಮೂಲೆಯಲ್ಲಿ ಇಳಿಸದೆ ಮರೆತ ಎರಡು ಎಳನೀರು ಅಷ್ಟು ಕೆಲಸವನ್ನು ಖರ್ಚಿಲ್ಲದೆ ಮಾಡುತ್ತವೆ. ನಿಮ್ಮದು ಹಳದಿ ಬೋರ್ಡಿನ ಸರಕು ವಾಹನವಾದ್ದರಿಂದ ಬೆಂಗಳೂರು–ಮೈಸೂರು ಹೆದ್ದಾರಿ ಎಷ್ಟೇ ನುಣುಪಾಗಿದ್ದರೂ 80 ಕಿ.ಮೀ. ಮೀರುವಂತಿಲ್ಲ, ಸರಕು ವಾಹನಗಳಿಗೆ ಕೇಂದ್ರ ಸರ್ಕಾರ 2018ರಲ್ಲಿ ನಿಗದಿಪಡಿಸಿದ ಗರಿಷ್ಠ ಮಿತಿಯೇ ಅದು. ಸ್ಪಾಯ್ಲರ್ ಏನಾದರೂ ಅರ್ಥಪೂರ್ಣವಾಗಿ ಕೆಲಸ ಮಾಡುವ ವೇಗವನ್ನು ನಿಮ್ಮ ಗಾಡಿ ಮುಟ್ಟುವುದೇ ಇಲ್ಲ. ಹೋಗುವಾಗಲಂತೂ ಎಳನೀರನ್ನು ಡೋರಿಗಿಂತ ಮೇಲಕ್ಕೆ ಪೇರಿಸಿ ಬಲೆ ಬಿಗಿದಿರುತ್ತೀರಿ. ಆಗ ಪಟ್ಟಿಯು ಲೋಡಿನ ಮರೆಯಲ್ಲಿರುತ್ತದೆ.

ಖಾಲಿ ಗಾಡಿ ಕುಣಿಯುವುದಕ್ಕೆ ಕಾರಣ ಗಾಳಿಯಲ್ಲ. ಟನ್ನಿಗೂ ಹೆಚ್ಚು ಭಾರ ಹೊರಲೆಂದು ಕೂರಿಸಿದ ಹಿಂದಿನ ಲೀಫ್ ಸ್ಪ್ರಿಂಗ್‌ಗಳು ಖಾಲಿಯಿದ್ದಾಗ ಬಾಗುವುದೇ ಇಲ್ಲ, ರಸ್ತೆಯ ಪ್ರತಿ ಜೋಡಣೆಯ ಪೆಟ್ಟನ್ನೂ ನೇರವಾಗಿ ಬಾಡಿಗೆ ದಾಟಿಸುತ್ತವೆ. ಲೋಡಿಗೆಂದು ತುಂಬಿಸಿದ ಟೈರ್ ಗಾಳಿ ವಾಪಸ್ ಬರುವಾಗಲೂ ಹಾಗೇ ಉಳಿದಿರುವುದು ಇನ್ನೊಂದು ಕಾರಣ. ಖಾಲಿ ಗಾಡಿಗೆ ಎಷ್ಟು, ತುಂಬಿದ ಗಾಡಿಗೆ ಎಷ್ಟು ಗಾಳಿಯಿರಬೇಕೆಂದು ಕಂಪನಿಯ ಕೈಪಿಡಿಯಲ್ಲಿ ಬೇರೆ ಬೇರೆಯಾಗಿ ಕೊಟ್ಟಿದ್ದರೆ ಅದರಂತೆ ಹೊಂದಿಸಿಕೊಳ್ಳಿ. ಹಿಂದಿನ ಶಾಕ್ ಅಬ್ಸಾರ್ಬರ್‌ನಲ್ಲಿ ಎಣ್ಣೆ ಜಿನುಗಿದ ಗುರುತಿದೆಯೇ, ಸ್ಪ್ರಿಂಗಿನ ಬುಷ್‌ಗಳು ಸವೆದಿವೆಯೇ ಎಂದು ಮೆಕ್ಯಾನಿಕ್‌ಗೆ ತೋರಿಸಿ. ಸ್ಪಾಯ್ಲರ್‌ಗೆ ಇಟ್ಟ ಹಣ ಇಲ್ಲಿ ಸಾರ್ಥಕವಾದೀತು. ಡೀಸೆಲ್ ಉಳಿಸುವ ಆಸೆಯಿದ್ದರೆ ಖಾಲಿ ತೊಟ್ಟಿಯ ಮೇಲೆ ಟಾರ್ಪಾಲನ್ನು ಡೊಳ್ಳಿನ ಚರ್ಮದಂತೆ ಬಿಗಿಯಾಗಿ ಕಟ್ಟಿ ನೋಡಬಹುದು. ಗಾಳಿಯ ತಡೆ ಸ್ವಲ್ಪ ತಗ್ಗುತ್ತದೆ. ಸಡಿಲವಾಗಿ ಪಟಪಟನೆ ಬಡಿದುಕೊಳ್ಳುವ ಟಾರ್ಪಾಲು ಮಾತ್ರ ತಡೆಯನ್ನು ಹೆಚ್ಚಿಸುತ್ತದೆ.

ಕಾನೂನಿನ ಕಡೆ ಬಂದರೆ, ಮೋಟಾರು ವಾಹನ ಕಾಯ್ದೆ, 1988ರ 52ನೆಯ ಕಲಮಿನ ಪ್ರಕಾರ, ಆರ್‌ಸಿಯಲ್ಲಿ ದಾಖಲಾದ ವಿವರಗಳು ತಯಾರಕರು ಮೂಲದಲ್ಲಿ ನಿಗದಿಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮು, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ. ಡೋರಿನ ಅಂಚಿನೊಳಗೇ ಕೂರುವ ಚಿಕ್ಕ ಪಟ್ಟಿಯು ಉದ್ದ, ಅಗಲ, ಎತ್ತರಗಳನ್ನು ಬದಲಿಸುವುದಿಲ್ಲ. ಕಾಲುಗಳ ಮೇಲೆ ನಿಂತು ಹಿಂದಕ್ಕೆ ಚಾಚುವ, ದೀಪವನ್ನೋ ನಂಬರ್ ಪ್ಲೇಟನ್ನೋ ಮರೆಮಾಡುವ ದೊಡ್ಡ ರೆಕ್ಕೆ ಹಾಗಲ್ಲ. ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ) ಮಾಡಿಸುವ ಸಮಯದಲ್ಲಿ ಅದಕ್ಕೆ ಆಕ್ಷೇಪ ಬರಬಹುದು, ಅಪಘಾತವಾದರೆ ವಿಮಾ ಕಂಪನಿ ಅದನ್ನೇ ಹಿಡಿದು ತಕರಾರು ಎತ್ತಬಹುದು. ಮಂಡ್ಯದ ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳುವುದು ಕ್ಷೇಮ.

ಇಷ್ಟಾದರೂ ಅಂದಕ್ಕೆ ಬೇಕೇ ಬೇಕೆನಿಸಿದರೆ ಹಗುರವಾದ ಎಬಿಎಸ್ ಪ್ಲಾಸ್ಟಿಕ್ಕಿನ ಗಿಡ್ಡ ಪಟ್ಟಿಯನ್ನೇ ಆರಿಸಿಕೊಳ್ಳಿ. ಕೊಳ್ಳುವ ಮೊದಲು ಡೋರನ್ನು ಪೂರ್ತಿ ಕೆಳಗಿಳಿಸಿ, ಪಟ್ಟಿ ಕೂರುವ ಅಂಚು ಬಂಪರಿಗೆ ತಾಗುತ್ತದೆಯೇ, ಲೋಡು ಮಾಡುವವರು ಕಾಲಿಟ್ಟು ಹತ್ತುವ ಜಾಗ ಅದೇನಾ ಎಂದು ನೋಡಿ. ಹೌದಾದರೆ ಮೊದಲ ವಾರದಲ್ಲೇ ಅದು ಮುರಿಯುತ್ತದೆ. ತೂತು ಕೊರೆಸಬೇಡಿ, ಕೊರೆದ ಅಂಚಿನಲ್ಲಿ ಬಣ್ಣ ಹೋಗಿ, ಎಳನೀರು ಸೋರಿ ಒದ್ದೆಯಾಗುವ ಡೋರಿಗೆ ಬಹಳ ಬೇಗ ತುಕ್ಕು ಹಿಡಿಯುತ್ತದೆ. ವಾಹನಗಳಿಗೆಂದೇ ಬರುವ ಎರಡು ಬದಿಯ ಅಂಟುಪಟ್ಟಿ ಸಾಕು. ಅಂಟಿಸುವ ಜಾಗದ ಮೇಣ, ಎಣ್ಣೆಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಒಣಗಿಸಿ, ಪಟ್ಟಿಯ ಉದ್ದಕ್ಕೂ ಬಲವಾಗಿ ಒತ್ತಬೇಕು. ಇಂಥ ಅಂಟು ಒಂದು ದಿನದಲ್ಲಿ ಬಹುಪಾಲು ಕಚ್ಚಿದರೂ ಪೂರ್ಣ ಬಲ ಪಡೆಯಲು ಸುಮಾರು 72 ಗಂಟೆ ಬೇಕು. ಅಲ್ಲಿಯವರೆಗೆ ಗಾಡಿಯನ್ನು ನೀರಿನ ಪ್ರೆಷರ್ ಹೊಡೆಸಿ ತೊಳೆಸಬೇಡಿ, ಹೆದ್ದಾರಿಗೂ ಇಳಿಸಬೇಡಿ.